ನೂರ ಹದಿನಾಲ್ಕರ ಎರಡನೇ ಸುತ್ತು

ಐವತ್ತು ತುಂಬಿದ ವರ್ಷ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಅಣ್ಣನಿಗೆ ಓಟ ಬಂತು. ಅದೂ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿ ಬೆವರೊರೆಸಿಕೊಂಡು ಮನೆಗೆ ಬರುವ ಓಟವಲ್ಲ. ಗುಡ್ಡ ಹತ್ತಿ, ಕಾಡು ನುಗ್ಗಿ, ಕೆಸರು ತುಳಿದು, ಒಂದೇ ದಿನದಲ್ಲಿ ಅರವತ್ತು ಕಿಲೋಮೀಟರ್ ಮುಗಿಸುವ ಓಟ. ಅದು ನಡೆಯುವುದು ಚಳಿಗಾಲದ ಕೊನೆಯಲ್ಲಿ. ಅದಕ್ಕೆ ಮೈ ಹದ ಮಾಡಿಕೊಳ್ಳಲು ಚಳಿಗಾಲ ಪೂರ್ತಿ ಬೆಳಗಿನ ಓಟ, ನಡುವೆ ಎರಡು ಸಣ್ಣ ಸ್ಪರ್ಧೆ.

ತಂಗಿ ಅದೇ ಮನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಇಟ್ಟುಕೊಂಡು ಒಬ್ಬಳೇ ಇದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಕೆಲಸ. ಆರಕ್ಕೆ ಪಾಳಿ ಶುರು. ಐದೂವರೆಗೆ ಶಾಲು ಸುತ್ತಿಕೊಂಡು ಅವಳು ಮೆಟ್ಟಿಲಿಳಿಯುವ ಹೊತ್ತಿಗೆ ಅಣ್ಣ ಗೇಟಿನ ಬಳಿ ಒಂದು ಕಾಲನ್ನು ಕಾಂಪೌಂಡಿನ ಮೇಲಿಟ್ಟು ಬಗ್ಗುತ್ತಿರುತ್ತಿದ್ದ. ತಲೆಗೆ ದೀಪ, ಕೈಗೆ ಗವಸು, ಮೊಣಕಾಲಿನವರೆಗೆ ಬಿಗಿಯಾದ ಕಾಲುಚೀಲ, ಬೆನ್ನಿಗೆ ನೀರಿನ ಚೀಲ, ಆ ಚೀಲದಿಂದ ಬಾಯಿಗೆ ಒಂದು ನಳಿಗೆ. ದಾರಿಯಲ್ಲಿ ಹೋಗುವವರು ನೋಡಿದರೆ, ಯಾರೋ ಕಾಯಿಲೆಯವನನ್ನು ಆಸ್ಪತ್ರೆಯಿಂದ ಅರ್ಧ ಚಿಕಿತ್ಸೆಗೇ ಬಿಟ್ಟು ಕಳಿಸಿದ್ದಾರೆ ಎಂದುಕೊಳ್ಳಬೇಕು.

"ಎಲ್ಲಿಗೆ ಇವತ್ತು?" ಎಂದು ಅವಳು ಕೇಳುತ್ತಿದ್ದಳು.

"ಹದಿನೆಂಟು ಕಿಲೋಮೀಟರ್. ನಿಧಾನದ್ದು."

"ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

ಅಣ್ಣ ಕೈಗಡಿಯಾರದ ಗುಂಡಿ ಒತ್ತಿ, ಅದು ಕೀಚ್ ಎನ್ನುವವರೆಗೆ ಕಾದು, ಮಂಜಿನೊಳಗೆ ಹೋಗಿಬಿಡುತ್ತಿದ್ದ. ಆ ಗಡಿಯಾರ ಹೇಳದೆ ಅವನು ಹೆಜ್ಜೆ ಎತ್ತಿಡುತ್ತಿರಲಿಲ್ಲ. ನಿದ್ದೆ ಚೆನ್ನಾಗಿ ಬಂತೋ ಇಲ್ಲವೋ ಎಂಬುದನ್ನೂ ಎದ್ದ ಮೇಲೆ ಅದನ್ನು ಕೇಳಿಯೇ ತಿಳಿದುಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅತ್ತಿಗೆ ಟೀ ಸೋಸುತ್ತ, "ರಾತ್ರಿಯೆಲ್ಲ ಗೊರಕೆ ಹೊಡೆದ್ರಲ್ಲ ರೀ," ಎಂದರೆ, "ಇಲ್ಲ, ಗಾಢ ನಿದ್ದೆ ಐವತ್ತೇ ನಿಮಿಷ ಅಂತ ತೋರಿಸ್ತಿದೆ," ಎಂದು ಅವನು ಸಪ್ಪೆ ಮುಖ ಮಾಡಿಕೊಂಡ.

ಅತ್ತಿಗೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮಾತು ಕಡಿಮೆ, ಆಡಿದರೆ ಗೆರೆ ಎಳೆದ ಹಾಗೆ. "ಐವತ್ತಕ್ಕೆ ಇನ್ನೊಂದು ಮದುವೆ ಆಗೋ ಗಂಡಸರಿದಾರೆ. ಇದೇ ವಾಸಿ ಬಿಡು," ಎಂದು ನಾದಿನಿಗೆ ಹೇಳಿ ಸುಮ್ಮನಾಗಿದ್ದರು.

ಒಂದು ಸಲ ತಂಗಿ ತಮಾಷೆಗೆ ಅವನ ಹಳೆಯ ಗಡಿಯಾರ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಒಂದು ತುದಿಯಲ್ಲಿ ಕೊಳೆ ಬಟ್ಟೆ ಸುರಿಯುವ ಜಾಗ, ಇನ್ನೊಂದು ತುದಿಯಲ್ಲಿ ಬಟ್ಟೆ ಒಣಗಿಸಿ ಇಸ್ತ್ರಿ ಮಾಡುವ ಬಿಸಿ ರೋಲರು. ಒದ್ದೆ ಹಾಸುಬಟ್ಟೆಯ ಮೂಲೆಗಳನ್ನು ಇಬ್ಬರು ಎಳೆದು ಹಿಡಿದು ರೋಲರಿನ ಬಾಯಿಗೆ ಕೊಡಬೇಕು. ಆ ಕಡೆಯಿಂದ ಬಂದದ್ದನ್ನು ದೀಪದ ಕೆಳಗೆ ಹಿಡಿದು ಕಲೆ ಉಳಿದಿದೆಯೇ ನೋಡಬೇಕು. ಕಲೆ ಇದ್ದರೆ ವಾಪಸು ಹೊತ್ತುಕೊಂಡು ಹೋಗಬೇಕು. ದಿನವಿಡೀ ಇದೇ ಓಡಾಟ. ಸಂಜೆ ಗಡಿಯಾರ ಬಿಚ್ಚಿ ಅಣ್ಣನ ಮುಂದಿಟ್ಟಾಗ ಅದರಲ್ಲಿ ಹದಿನೇಳು ಕಿಲೋಮೀಟರ್ ಅಂತಿತ್ತು.

ಅಣ್ಣ ಎರಡೆರಡು ಸಲ ನೋಡಿದ. "ಇದು ಲೆಕ್ಕಕ್ಕಿಲ್ಲ ಕಣೇ," ಎಂದ. "ಎದೆಬಡಿತ ಸರಿಯಾದ ಮಟ್ಟಕ್ಕೆ ಏರಿಲ್ಲ. ಇದು ವ್ಯಾಯಾಮ ಅಲ್ಲ."

"ಹೌದಪ್ಪ. ಬರೀ ಕೆಲಸ."

ಅಣ್ಣನಿಗೆ ಪೇಟೆಯ ದೊಡ್ಡ ಬೀದಿಯಲ್ಲಿ ಕನ್ನಡಕದ ಅಂಗಡಿ ಇತ್ತು. ಚಳಿಗಾಲದ ಓಟಗಳನ್ನೆಲ್ಲ ನಡೆಸುತ್ತಿದ್ದ ಸಂಘಟಕ ಅದೇ ಬೀದಿಯಲ್ಲಿ ಸೈಕಲ್ ಮಾರುವವನು. ಆ ವರ್ಷ ಓಟಗಾರರಿಗೆ ಹಂಚಿದ ಅಂಗಿಗಳ ಬೆನ್ನಿನ ಮೇಲೆ ಅಣ್ಣನ ಅಂಗಡಿಯ ಹೆಸರು ಅಗಲವಾಗಿ ಅಚ್ಚಾಗಿತ್ತು. ಮೊದಲ ಸ್ಪರ್ಧೆ ಹದಿನೈದು ಕಿಲೋಮೀಟರ್. ಅದರಲ್ಲಿ ಅಣ್ಣ ನಡುವಿನವರ ನಡುವೆ ಬಂದು ಸೇರಿದ. ಆಮೇಲೆ ಒಂದು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ: ಯಾವ ಏರಿನಲ್ಲಿ ಉಸಿರು ಹೇಗಿತ್ತು, ಯಾವ ತಿರುವಿನಲ್ಲಿ ಯಾರನ್ನು ಹಿಂದೆ ಹಾಕಿದೆ. ಅವನ ಅಂಗಡಿಗೆ ಕಣ್ಣು ತೋರಿಸಲು ಬಂದವರೂ ಇದನ್ನು ಕೇಳದೆ ಎದ್ದುಹೋಗುವ ಹಾಗಿರಲಿಲ್ಲ. ಗಲ್ಲವನ್ನು ಯಂತ್ರದ ಮೇಲೆ ಇಟ್ಟುಕೊಂಡು ಕೂತವರು ಎಲ್ಲಿಗೆ ಓಡುತ್ತಾರೆ?

ಎರಡನೆಯ ಸ್ಪರ್ಧೆ ಮೂವತ್ತು ಕಿಲೋಮೀಟರಿನದು. ಕೆರೆಯ ದಂಡೆಯಿಂದ ಹೊರಟು ಗುಡ್ಡ ಹತ್ತಿ, ತುದಿಯಲ್ಲಿರುವ ಅರಣ್ಯ ಕಾವಲಿನ ಗುಡಿಸಲು ಮುಟ್ಟಿ, ಇನ್ನೊಂದು ಮಗ್ಗುಲಿನಿಂದ ಕೆಳಗಿಳಿಯಬೇಕು. ಹೀಗೆ ಎರಡು ಸುತ್ತು. ಗುಡಿಸಲಿನಲ್ಲಿ ಕೂತು ಬಂದವರ ನಂಬರು ಬರೆದುಕೊಳ್ಳಲು ಯಾರೂ ಸಿಗಲಿಲ್ಲ. "ಭಾನುವಾರ ನೀನೇನು ಮಾಡ್ತೀಯಾ? ಬಾ, ಗುಡ್ಡದ ಗಾಳಿ ಕುಡಿ," ಎಂದು ಅಣ್ಣ ತಂಗಿಯನ್ನು ಒಪ್ಪಿಸಿದ. ತನ್ನ ಓಟವನ್ನು ಅವಳು ಕಣ್ಣಾರೆ ನೋಡಲಿ ಎಂಬ ಆಸೆಯೂ ಅವನಿಗಿತ್ತು.

ಗುಡ್ಡದ ಮೇಲೆ ಕುಡಿಯಲು ಸಿಕ್ಕಿದ್ದು ಬರೀ ಮಂಜು. ಹತ್ತು ಹೆಜ್ಜೆ ಆಚೆಗಿನ ಮರ ಕಾಣುತ್ತಿರಲಿಲ್ಲ. ತಂಗಿ ಎರಡು ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದು, ಮಡಿಸುವ ಕುರ್ಚಿಯ ಮೇಲೆ ಕೂತು ಬರೆದಳು. ಮಂಜಿನೊಳಗಿಂದ ಮೊದಲು ಏದುಸಿರು ಕೇಳುತ್ತಿತ್ತು, ಆಮೇಲೆ ಬೂಟಿನ ಪಚಪಚ, ಆಮೇಲೆ ಮನುಷ್ಯ. ಮೀಸೆಯಲ್ಲಿ ಹನಿ, ಮೂಗಲ್ಲಿ ಸಿಂಬಳ, ಮುಖದಲ್ಲಿ ಪ್ರಪಂಚವನ್ನೇ ಉದ್ಧಾರ ಮಾಡಲು ಹೊರಟ ಗಾಂಭೀರ್ಯ. ಎಂಬತ್ತೇಳನೆಯ ನಂಬರಿನವನು ಮಾತ್ರ ನಿಂತು, "ಚಳಿ ಜಾಸ್ತಿ ಇದೆ, ಬಾಗಿಲ ಒಳಗೆ ಕೂತ್ಕೊಳಿ ಮೇಡಂ, ನಾವೇ ನಂಬರ್ ಕೂಗಿ ಹೇಳ್ತೀವಿ," ಎಂದ. ಅವಳು ತಲೆಯೆತ್ತಿ ನೋಡಿದರೆ ಆಸ್ಪತ್ರೆಗೆ ಕಾಗದ ತರುವ ಅಂಚೆಯಣ್ಣ! ವಯಸ್ಸು ಐವತ್ತಮೂರು. ಕಾಲಲ್ಲಿ ಹೊಲಿಗೆ ಹಾಕಿಸಿದ ಬೂಟು.

ಅಣ್ಣನ ನಂಬರು ನೂರ ಹದಿನಾಲ್ಕು. ಮೊದಲ ಸುತ್ತಿನಲ್ಲಿ ಅಂಚೆಯಣ್ಣನಿಗಿಂತ ನಾಲ್ಕು ನಿಮಿಷ ತಡವಾಗಿ ಬಂದ, ಕೈಯೆತ್ತಿ ಎರಡು ಬೆರಳು ತೋರಿಸಿ ಹೋದ. ಎರಡನೇ ಸುತ್ತಿನಲ್ಲಿ ಎಂಬತ್ತೇಳು ಬಂತು. ನೂರ ಹದಿನಾಲ್ಕು ಬರಲಿಲ್ಲ. ಎಲ್ಲರೂ ಬಂದರು, ಕೋಲೂರಿಕೊಂಡು ಕುಂಟುತ್ತಿದ್ದ ಕಟ್ಟಕಡೆಯವನೂ ಬಂದ. ನೂರ ಹದಿನಾಲ್ಕು ಬರಲೇ ಇಲ್ಲ. ಎಲ್ಲೋ ಬಿದ್ದಿದ್ದಾನೆ, ಕಾಲು ಮುರಿದುಕೊಂಡಿದ್ದಾನೆ ಎಂದುಕೊಂಡು ತಂಗಿ ಹಾಳೆಯನ್ನು ಜೇಬಿಗೆ ತುರುಕಿ, ಜಾರುವ ಹಾದಿಯಲ್ಲಿ ಅಣ್ಣನ ಹೆಸರು ಕೂಗುತ್ತ ಕೆಳಗಿಳಿದಳು.

ಅಣ್ಣ ಕೆರೆಯ ದಂಡೆಯ ಮೇಲೆ ಮೂರು ಮೆಟ್ಟಿಲ ಪೆಟ್ಟಿಗೆಯ ಮೇಲೆ ನಿಂತಿದ್ದ. ಕೈಯಲ್ಲಿ ಮರದ ಫಲಕ. ಐವತ್ತು ದಾಟಿದವರ ಗುಂಪಿನಲ್ಲಿ ಮೂರನೆಯ ಸ್ಥಾನ. ಸಂಘಟಕ ಫೋಟೋ ತೆಗೆಯುತ್ತಿದ್ದ. ನಾಲ್ಕನೆಯವನಾದ ಅಂಚೆಯಣ್ಣ ಪಕ್ಕದಲ್ಲಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದ.

ತಂಗಿಯನ್ನು ನೋಡಿದ ಕೂಡಲೇ ಅಣ್ಣನ ಮುಖ ಹುಳ್ಳಗಾಯಿತು. ಅಷ್ಟೇ ಸಾಕಿತ್ತು ಅವಳಿಗೆ. ಅಲ್ಲಿ ಏನೂ ಕೇಳಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಕೇಳಿದಳು.

"ಎರಡನೇ ಸುತ್ತು ಎಲ್ಲಿಗೆ ಹೋಗಿದ್ದೆ?"

ಅಣ್ಣ ಗಾಜು ಒರೆಸಿದ, ಹೀಟರು ಹಾಕಿದ, ಆರಿಸಿದ. "ದಾರಿ ತೋರಿಸೋಕೆ ಕಟ್ಟಿದ್ದ ಕೆಂಪು ರಿಬ್ಬನ್ ಕಿತ್ತುಹೋಗಿತ್ತು. ಮಂಜಲ್ಲಿ ದಾರಿ ತಪ್ತು."

"ತಪ್ಪಿದವನು ವಾಪಸ್ ಹತ್ತಬೇಕಿತ್ತು."

"ಕೆಳಗಿಳಿದು ನೋಡ್ತೀನಿ, ಎದುರಿಗೇ ಓಟ ಮುಗಿಯೋ ಗೆರೆ. ಜನ ಚಪ್ಪಾಳೆ ಹೊಡೆಯೋಕೆ ಶುರು ಮಾಡಿಬಿಟ್ರು. ಚಪ್ಪಾಳೆ ಹೊಡೀವಾಗ ಹೇಗೆ ನಿಲ್ಲಿಸ್ಲಿ? ನೀನೇ ಹೇಳು."

"ಬಾಯಲ್ಲಿ. ಬಾಯಲ್ಲಿ ಹೇಳಿ ನಿಲ್ಲಿಸ್ತಾರೆ."

"ಒಂದು ಮರದ ತುಂಡಿಗೆ ಯಾಕೆ ಇಷ್ಟು ರಂಪ ಮಾಡ್ತೀಯಾ?"

"ಮರದ ತುಂಡೇ ಆದ್ರೆ ಕೊಟ್ಬಿಡು."

ಅಣ್ಣ ಕೊಡಲಿಲ್ಲ. ಮಾರನೆಯ ದಿನ ಫಲಕ ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರಗಳ ಬೋರ್ಡಿನ ಪಕ್ಕದಲ್ಲಿ, ಮೊಳೆ ಹೊಡೆಸಿಕೊಂಡು ನೇತಾಡಿತು.

ತಂಗಿ ಪಾಳಿ ಮುಗಿಸಿ ಸೈಕಲ್ ಅಂಗಡಿಗೆ ಹೋದಳು. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ ಸಂಘಟಕನ ಮುಂದೆ ಹಾಳೆ ಹಿಡಿದಳು. ಅವನು ಓದಿದ, ಇನ್ನೊಮ್ಮೆ ಓದಿದ, ಬೆರಳಿನ ಎಣ್ಣೆಯನ್ನು ಹಾಳೆಗೆ ತಾಗದ ಹಾಗೆ ಒರೆಸಿಕೊಂಡ.

"ಮಂಜಿತ್ತಲ್ಲ ಮೇಡಂ. ನಿಮ್ಗೆ ಕಾಣಿಸಿಲ್ಲ ಅನ್ಸುತ್ತೆ."

"ಉಳಿದ ತೊಂಬತ್ತಾರು ಜನ ಕಾಣಿಸಿದ್ರು. ನನ್ನ ಒಡಹುಟ್ಟಿದವನು ಕಾಣಿಸ್ಲಿಲ್ವಾ?"

"ಹಂಗಲ್ಲ... ಅವ್ರು ನಮಗೆ ಎಷ್ಟು ಸಹಾಯ ಮಾಡಿದಾರೆ. ಅಂಗಿ ಎಲ್ಲ ಅವ್ರದ್ದೇ. ಇದೇನು ದೇಶದ ಪಂದ್ಯಾನಾ? ಬಿಟ್ಬಿಡಿ."

ಓಟಕ್ಕೆ ಮುಂಚೆ ನಾಲ್ಕು ಜನರ ಮುಂದೆ ಮೈಕು ಹಿಡಿದು "ಗುಡ್ಡ ಸುಳ್ಳು ಹೇಳೋಲ್ಲ, ಗೆಳೆಯರೇ" ಎಂದು ಭಾಷಣ ಬಿಗಿದಿದ್ದವನು ಇವನೇ. ತಂಗಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಳು. ಗುಡ್ಡ ಸುಳ್ಳು ಹೇಳಲಿಲ್ಲ. ಪಾಪ, ಅದನ್ನು ಯಾರೂ ಕೇಳಲೂ ಇಲ್ಲ.

ಬುಧವಾರ ಅಂಚೆಯಣ್ಣ ಲಾಂಡ್ರಿಯ ಬಾಗಿಲಿಗೆ ಬಂದ. ಮೇಲಿನ ಕಚೇರಿಯ ಕಾಗದಗಳನ್ನೂ ಅವನು ಅಲ್ಲೇ ಕೊಡುತ್ತಿದ್ದ, ಆ ಬಾಗಿಲಲ್ಲಿ ಬೆಚ್ಚಗಿರುತ್ತದೆ ಎಂದು. ತಂಗಿ ಎಲ್ಲವನ್ನೂ ಹೇಳಿದಳು.

"ಗೊತ್ತು ಮೇಡಂ," ಎಂದ ಅವನು. "ಎರಡನೇ ಸುತ್ತಲ್ಲಿ ಅವರು ನನ್ನ ದಾಟಲೇ ಇಲ್ಲ. ಕೆಳಗೆ ಹೋದ್ರೆ ನನಗಿಂತ ಮುಂಚೆ ಅಲ್ಲಿದಾರೆ!"

"ಗೊತ್ತಿದ್ದೂ ಬಾಯಿ ಮುಚ್ಕೊಂಡು ಬಾಳೆಹಣ್ಣು ತಿಂತಿದ್ರಾ?"

"ಏನ್ ಹೇಳೋದು... ದೊಡ್ಡವರು. ಜಗಳ ಯಾಕೆ ಅಂತ."

ಅವಳಿಗೆ ಅಣ್ಣನ ಮೇಲೆ ಬಂದಿದ್ದಕ್ಕಿಂತ ಹೆಚ್ಚಿನ ಸಿಟ್ಟು ಈ ಮನುಷ್ಯನ ಮೇಲೆ ಬಂತು. ಅಣ್ಣನಂಥವರು ಊದಿಕೊಳ್ಳುವುದು ಇಂಥವರ ಒಳ್ಳೆಯತನವನ್ನು ತಿಂದೇ. "ನಿಮ್ಮಂಥೋರಿದ್ರೆ ಕಳ್ಳರಿಗೆ ಬಾಗಿಲು ಮುರಿಯೋ ಕಷ್ಟಾನೂ ಇಲ್ಲ," ಎಂದು ಮುಖದ ಮೇಲೆ ಹೊಡೆದ ಹಾಗೆ ಹೇಳಿ ರೋಲರಿನತ್ತ ತಿರುಗಿದಳು.

ಶನಿವಾರ ಅರ್ಧ ದಿನ ರಜೆ. ಅವಳು ಸೀದಾ ಕನ್ನಡಕದ ಅಂಗಡಿಗೆ ನಡೆದಳು. ಒಳಗೆ ಒಬ್ಬ ಹೆಂಗಸು ಪರೀಕ್ಷೆಯ ದಪ್ಪ ಫ್ರೇಮು ಮೂಗಿಗೇರಿಸಿಕೊಂಡು ಕೆಳಗಿನ ಸಾಲು ಓದಲು ಒದ್ದಾಡುತ್ತಿದ್ದರು. ಅಣ್ಣನ ಎರಡು ಕೈಯಲ್ಲೂ ಗಾಜು. ತಂಗಿ ಮೂಲೆಯಲ್ಲಿದ್ದ ಸ್ಟೂಲು ಎಳೆದು, ಹತ್ತಿ, ಫಲಕವನ್ನು ಮೊಳೆಯಿಂದ ಬಿಡಿಸಿದಳು.

"ಏನೇ ಅದು?" ಎಂದ ಅಣ್ಣ, ಹಲ್ಲು ಕಿರಿಯುತ್ತಲೇ.

"ಕಲೆ ಉಳಿದಿದೆ. ವಾಪಸ್ ತಗೊಂಡು ಹೋಗ್ತಿದೀನಿ."

"ಈಗ ಇನ್ನೂ ಚೆನ್ನಾಗಿ ಕಾಣ್ತಿದೆ," ಎಂದರು ಆ ಹೆಂಗಸು, ಅಕ್ಷರಗಳನ್ನು ಕುರಿತು. ಅಣ್ಣ ಗಿರಾಕಿಯ ಮುಂದೆ ಕೂಗಾಡುವಂತಿಲ್ಲ, ಗಾಜು ಕೆಳಗಿಡುವಂತಿಲ್ಲ. ತಂಗಿ ಸ್ಟೂಲನ್ನು ಇದ್ದ ಜಾಗಕ್ಕೇ ಇಟ್ಟು ಹೊರಬಂದಳು.

ಅಂಚೆಯಣ್ಣ ಬೇಡವೆನ್ನುತ್ತಾನೆ, ನಾಚಿಕೊಳ್ಳುತ್ತಾನೆ, ಬಲವಂತ ಮಾಡಬೇಕಾಗುತ್ತದೆ ಎಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದಳು. ಅಂಚೆ ಕಚೇರಿಯ ಹಿಂದಿನ ಅಂಗಳದಲ್ಲಿ ಚೀಲ ಇಳಿಸುತ್ತಿದ್ದ ಅವನು ಫಲಕ ಕಂಡದ್ದೇ ಎರಡೂ ಕೈಯಲ್ಲಿ ಕಸಿದುಕೊಂಡ. ತೋಳಿನಿಂದ ಉಜ್ಜಿದ. ತಿರುಗಿಸಿ ಹಿಂಭಾಗ ನೋಡಿದ. "ಹೆಸರು ಬರೆದಿಲ್ಲ, ಒಳ್ಳೇದಾಯ್ತು," ಎಂದ. ಒಳಗಿದ್ದವರನ್ನೆಲ್ಲ ಕೂಗಿ ಕರೆದು ತೋರಿಸಿದ. ತಂಗಿಗೆ ಕೃತಜ್ಞತೆ ಹೇಳುವುದನ್ನೂ ಮರೆತ. ಅವಳು ಮನಸ್ಸಿನಲ್ಲೇ ಮೂಗು ಮುರಿದಳು: ಇವನಿಗೂ ಬೇಕೇ ಇತ್ತು, ಕೇಳುವ ಧೈರ್ಯ ಇರಲಿಲ್ಲ ಅಷ್ಟೇ.

ಆಮೇಲೆ ಮೂರು ವಾರ ಅಣ್ಣ ಅವಳ ಜೊತೆ ಮಾತು ಬಿಟ್ಟ. ಬೆಳಿಗ್ಗೆ ಗೇಟಿನ ಬಳಿ ಎದುರಾದರೆ ಆಕಾಶ ನೋಡುತ್ತಿದ್ದ. ಆದರೆ ಓಟ ಬಿಡಲಿಲ್ಲ. ಮೊದಲು ಮಳೆ ಬಂದರೆ ಗಡಿಯಾರವನ್ನು ಕೇಳಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವನು ಈಗ ಗಡಿಯಾರವನ್ನು ಕಟ್ಟಿಕೊಳ್ಳುವುದನ್ನೇ ಮರೆತು ಹೊರಟುಬಿಡುತ್ತಿದ್ದ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗರಗರ ಎನ್ನುವ ದಿನವೂ ಹೋದ. ಒಮ್ಮೆ ಮೊಣಕೈ ತರಚಿಕೊಂಡು ಬಂದು, ಯಾರಿಗೂ ಹೇಳದೆ ತಾನೇ ತೊಳೆದುಕೊಂಡ.

"ಯಾರ ಮೇಲೆ ಸಿಟ್ಟು ಅಂತ ಓಡ್ತಿದಾನೆ?" ಎಂದು ತಂಗಿ ಕೇಳಿದಳು.

"ನಿನ್ನ ಮೇಲೆ," ಎಂದರು ಅತ್ತಿಗೆ, ಉತ್ತರಪತ್ರಿಕೆಗಳಿಂದ ತಲೆಯೆತ್ತದೆ. "ಇಪ್ಪತ್ತಾರು ವರ್ಷದಲ್ಲಿ ಅವರು ಬಾಯಿ ಬಿಡದೆ ಮಾಡಿದ ಮೊದಲನೇ ಕೆಲಸ ಇದು. ತಡೀಬೇಡ."

ದೊಡ್ಡ ಓಟದ ದಿನ ಬಂತು. ಬೆಳಿಗ್ಗೆ ಆರಕ್ಕೆ ಶುರು. ನಲವತ್ತೆಂಟನೆಯ ಕಿಲೋಮೀಟರಿನಲ್ಲಿ ಕೊನೆಯ ಚೆಕ್‌ಪಾಯಿಂಟ್. ಮಧ್ಯಾಹ್ನ ಮೂರೂವರೆಗೆ ಮುಂಚೆ ಅಲ್ಲಿಗೆ ಬಂದವರನ್ನು ಮಾತ್ರ ಮುಂದಕ್ಕೆ ಬಿಡುತ್ತಾರೆ. ಅತ್ತಿಗೆಗೆ ಒಬ್ಬರೇ ಹೋಗಿ ಕಾಯುವುದು ಬೇಸರ. ತಂಗಿಯನ್ನೂ ಎಳೆದುಕೊಂಡು ಹೋದರು. ಕಾಡಿನಂಚಿನ ಒಂದು ಮುರುಕು ಸೇತುವೆಯ ಪಕ್ಕ ಮೇಜು ಹಾಕಿ, ಉಪ್ಪು ಹಚ್ಚಿದ ಆಲೂಗಡ್ಡೆ, ಬಿಸಿ ಸೂಪು ಇಟ್ಟಿದ್ದರು. ಮೇಜಿನ ಹಿಂದೆ ಸಂಘಟಕನೇ ಕೂತಿದ್ದ. ತಂಗಿಯನ್ನು ಕಂಡು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

ಅಂಚೆಯಣ್ಣ ಎರಡು ಗಂಟೆಗೇ ಬಂದು, ಎರಡು ಆಲೂಗಡ್ಡೆ ಬಾಯಿಗೆ, ಎರಡು ಜೇಬಿಗೆ ಹಾಕಿಕೊಂಡು ಹೋದ. ಮೂರಾಯಿತು. ಮೂರೂ ಕಾಲಾಯಿತು. ಬಂದವರೆಲ್ಲ ಬಂದರು. ಮೂರೂವರೆ ದಾಟಿತು. ಅತ್ತಿಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹಾದಿಯನ್ನೇ ನೋಡುತ್ತಿದ್ದರು.

ಅಣ್ಣ ಬಂದದ್ದು ಮೂರು ಮುಕ್ಕಾಲಿಗೆ. ಸೊಂಟದವರೆಗೆ ಕೆಸರು. ಒಂದು ಕಡೆಗೆ ವಾಲಿಕೊಂಡು ಬರುತ್ತಿದ್ದ. ತುಟಿ ಒಡೆದಿತ್ತು. ಆ ಕ್ಷಣದಲ್ಲಿ ಅವನ ಬಳಿ ಜಂಬ ಪಡಲು ಬೇಕಾದಷ್ಟು ಉಸಿರೂ ಇರಲಿಲ್ಲ.

ಸಂಘಟಕ ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದ: "ನಡೀರಿ, ನಡೀರಿ ಸಾರ್. ಮೂರು ಇಪ್ಪತ್ತೆಂಟು ಅಂತ ಹಾಕ್ಕೋತೀನಿ. ಇನ್ನು ಹನ್ನೆರಡೇ ಕಿಲೋಮೀಟರ್."

ಅಣ್ಣ ನಿಂತ. ಮುಂದಿನ ಹಾದಿ ನೋಡಿದ. ಆಮೇಲೆ ತಂಗಿಯನ್ನು ನೋಡಿದ. ತಂಗಿ ಕೈಕಟ್ಟಿ ನಿಂತಿದ್ದಳು. ದೀಪದ ಕೆಳಗೆ ಹಾಸುಬಟ್ಟೆ ಹಿಡಿದಾಗ ಅವಳ ಮುಖ ಹೇಗಿರುತ್ತದೆಂದು ಅಣ್ಣ ಯಾವತ್ತೂ ನೋಡಿರಲಿಲ್ಲ, ಈಗ ನೋಡಿದ.

"ಮೂರು ನಲವತ್ತೈದು," ಎಂದ ಅಣ್ಣ.

"ಸಾರ್, ಪರವಾಗಿಲ್ಲ..."

"ಬರ್ಕೊಳ್ಳಯ್ಯಾ! ಇವಳ ಎದುರಿಗೇ ಬರ್ಕೋ. ದೊಡ್ಡ ಅಕ್ಷರದಲ್ಲಿ ಬರಿ. ಇಲ್ಲಾಂದ್ರೆ ಆಮೇಲೆ ಸ್ಟೂಲು ಹತ್ತೋಕೆ ಬರ್ತಾಳೆ!"

ಪಿನ್ನು ಬಿಚ್ಚಲು ಬೆರಳು ಕೇಳಲಿಲ್ಲ. ಎದೆಯ ಮೇಲಿದ್ದ ನಂಬರನ್ನು ಹರಿದು ಮೇಜಿನ ಮೇಲೆ ಒಗೆದ. ಅದು ಸೂಪಿನ ಪಾತ್ರೆಗೆ ತಾಗಿ ಕೆಳಗೆ ಬಿತ್ತು. ಸಂಘಟಕ ಬಗ್ಗಿ ಎತ್ತಿಕೊಂಡು, ಬೇರೆ ದಾರಿಯಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಬರೆದ.

ಹಟಕ್ಕೆ ಹುಟ್ಟಿದ ಪ್ರಾಮಾಣಿಕತೆ. ತಂಗಿಗೆ ಅದು ಗೊತ್ತಿತ್ತು. ಅಣ್ಣ ಒಳ್ಳೆಯವನಾಗಲು ಹೊರಟವನಲ್ಲ, ಅವಳ ಬಾಯಿ ಮುಚ್ಚಿಸಲು ಹೊರಟವನು. ಆದರೂ ಅವಳು ಕಟ್ಟಿದ್ದ ಕೈ ಬಿಚ್ಚಿ ಒಂದು ಲೋಟ ಸೂಪು ತುಂಬಿ ಅವನ ಮುಂದೆ ಹಿಡಿದಳು. ನಲವತ್ತೆಂಟು ಕಿಲೋಮೀಟರ್ ಇವನು ನಿಜವಾಗಿ ಬಂದಿದ್ದ. ಪ್ರತಿ ಹೆಜ್ಜೆಯೂ ಅವನ ಬಟ್ಟೆಯ ಮೇಲೇ ಅಂಟಿಕೊಂಡಿತ್ತು.

ಆ ಮೆದುತನ ಹೆಚ್ಚು ಹೊತ್ತು ಉಳಿಯಲು ಅಣ್ಣ ಬಿಡಲಿಲ್ಲ. ಸೂಪು ಒಳಗೆ ಹೋಗಿ ಉಸಿರು ಬಂದದ್ದೇ ತಡ, ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಪರಿಚಿತನೊಬ್ಬನನ್ನು ಹಿಡಿದುಕೊಂಡ. "ಅವರು ಹೋಗಿ ಅಂದ್ರು ಕಣ್ರೀ. ನಾನೇ ಬೇಡ ಅಂದೆ. ನಿಯಮ ಅಂದ್ರೆ ನಿಯಮ. ನಮ್ಮಂಥೋರೇ ಪಾಲಿಸ್ದಿದ್ರೆ ಹೇಗೆ?"

ಅತ್ತಿಗೆ ಫ್ಲಾಸ್ಕನ್ನು ಚೀಲಕ್ಕೆ ಹಾಕಿದರು. "ಶುರುವಾಯ್ತು," ಎಂದರು. "ಇನ್ನು ಮುಂದಿನ ಚಳಿಗಾಲದವರೆಗೆ ಇದೇ."

"ಅಂಗಡಿಗೆ ಬರೋರ ಗತಿಯೇನು ಅತ್ತಿಗೆ?"

"ಕಣ್ಣು ತೋರಿಸೋಕೆ ಬರೋರು ಕಿವೀಲಿ ಹತ್ತಿ ಇಟ್ಕೊಂಡು ಬರ್ಲಿ."

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅಣ್ಣ ಮೆಟ್ಟಿಲಿನ ಮೇಲೆ ಕುಸಿದು ಕೂತ. ಬೂಟು ಬಿಚ್ಚಲು ಬಗ್ಗಿದ, ಅರ್ಧಕ್ಕೇ "ಅಯ್ಯಯ್ಯೋ" ಎಂದು ನೆಟ್ಟಗಾದ. ಅತ್ತಿಗೆ ನೀರು ಕಾಯಿಸಲು ಒಳಗೆ ಹೋಗಿದ್ದರು. ಅವನು ತಂಗಿಯತ್ತ ನೋಡಲಿಲ್ಲ, ಕೇಳಲೂ ಇಲ್ಲ. ಸುಮ್ಮನೆ ಕಾಲು ಚಾಚಿದ.

"ನಾಚಿಕೆಯಾಗಲ್ವಾ ನಿಂಗೆ?" ಎಂದು ಬೈಯುತ್ತ ಅವಳು ಕೆಳಗಿನ ಮೆಟ್ಟಿಲಿನ ಮೇಲೆ ಕೂತು ಲೇಸಿನ ಗಂಟಿಗೆ ಕೈಹಾಕಿದಳು. ಕೆಸರು ಒಣಗಿ ಗಂಟು ಕಲ್ಲಾಗಿತ್ತು. ಉಗುರಿನಿಂದ ಕೆರೆದು, ಎಳೆದು, ಕೊನೆಗೆ ಬೂಟು ಕಳಚಿದಳು. ಕಾಲುಚೀಲ ಚರ್ಮದ ಜೊತೆಗೇ ಬರುವ ಹಾಗಿತ್ತು. ಹೆಬ್ಬೆರಳಿನ ಉಗುರು ಕಪ್ಪಗೆ ಸತ್ತು, ಬುಡದಲ್ಲಿ ಅಲ್ಲಾಡುತ್ತಿತ್ತು.

"ಇದು ಬಿದ್ದುಹೋಗುತ್ತೆ," ಎಂದಳು.

ಅಣ್ಣ ಕತ್ತು ಚಾಚಿ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಹೌದಾ? ದೊಡ್ಡ ದೊಡ್ಡ ಓಟಗಾರರಿಗೆಲ್ಲ ಹೀಗೇ ಆಗುತ್ತಂತೆ ಕಣೇ," ಎಂದ. "ತಡಿ, ಮುಟ್ಟಬೇಡ. ಮೊದಲು ಒಂದು ಫೋಟೋ ತೆಗಿ."